ನಂಬರ್ ಪ್ಲೇಟಿನ ಕೆಳಗಿನ ಬಣ್ಣ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪೆನ್ನು ಸರಿ ಇಲ್ಲ, ಕಣ್ಣಿಗೆ ಬೆಳಕು ಸಾಲದು, ಹೆಂಡತಿ ಚಹಾಕ್ಕೆ ಕರೆದಳು... ಏನೋ ಒಂದು ನೆಪ ಸಿಕ್ಕ ಕೂಡಲೇ ಎದ್ದು ಹೋಗಿದ್ದೇನೆ. ಇಪ್ಪತ್ತು ವರ್ಷ ಹೀಗೇ ಹೋದವು.

ಹೋದ ವಾರ ಛತ್ರಪತಿ ಸಂಭಾಜಿನಗರದಿಂದ ನಾಸಿಕದ ನಮ್ಮ ಮನೆಗೆ ಒಂದು ಕೊರಿಯರ್ ಬಂತು. ಒಳಗೆ ಹತ್ತಿಯಲ್ಲಿ ಸುತ್ತಿದ ಪುಟ್ಟ ಬಾಟಲಿ. ಮುಚ್ಚಳ ತಿರುಗಿಸಿದೆ. ಎನಾಮಲ್ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಮುಚ್ಚಳ ಮತ್ತೆ ಬಿಗಿದು, ಬಚ್ಚಲಿಗೆ ಹೋಗಿ ಕೈ ತೊಳೆದೆ. ವಾಪಸ್ ಬಂದು ಕೂತೆ.

ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ಮರಾಠಿ ಅಕ್ಷರದಲ್ಲಿ ನನ್ನ ಹೆಸರು, ಅದರ ಕೆಳಗೆ ‘ಲಾಲ್’, ಅಂದರೆ ಕೆಂಪು, ಎಂದು ಅಚ್ಚಾಗಿತ್ತು. ಕಳಿಸಿದವರು ಅಲ್ಲಿನ ಶಾಲೆಯೊಂದರ ಡ್ರಾಯಿಂಗ್ ಮಾಸ್ತರರು. ಮಾದರಿ ರೈಲು ಮಾಡುವವರಿಗೆ ಬೇಕಾಗುವ ಬಣ್ಣಗಳನ್ನು ಮನೆಯಲ್ಲೇ ಕಲಸಿ ಹೀಗೆ ಬಾಟಲಿಗಳಲ್ಲಿ ತುಂಬಿ ಕೊಡುತ್ತಾರೆ. ಹಳೆಯ ಮೀಟರ್ ಗೇಜ್ ಡೀಸೆಲ್ ಇಂಜಿನ್ನಿನ ಕೆಂಪು ಸರಿಯಾಗಿ ಯಾವುದೆಂದು ಎಲ್ಲರೂ ಕೇಳುತ್ತಾರಂತೆ. ನಿಮ್ಮ ಇಂಜಿನ್ ನೋಡಿಕೊಂಡೇ ಕಲಸಿದ್ದೇನೆ, ನಿಮ್ಮ ಹೆಸರನ್ನೇ ಇಡುತ್ತೇನೆ, ಒಪ್ಪಿಗೆ ಕೊಡಿ ಎಂದು ಕಾಗದ ಬರೆದಿದ್ದರು. ಬಣ್ಣಕ್ಕೆ ನನ್ನ ಹೆಸರು! ಊಟದ ತಟ್ಟೆಯಲ್ಲಿ ಜಿರಳೆ ಕಂಡಂತಾಯಿತು.

ಆ ಬಣ್ಣ ಸುಳ್ಳು. ಸುಳ್ಳೆಂದು ಗೊತ್ತಿರುವವನು ಈಗ ನಾನೊಬ್ಬನೇ. ಇನ್ನೊಬ್ಬರಿಗೆ ಗೊತ್ತಿತ್ತು. ಅವರನ್ನು ನಮ್ಮ ಚಾಳಿನ, ಅಂದರೆ ವಠಾರದ, ಜನರೆಲ್ಲ ಪೇಂಟರ್ ಕಾಕಾ ಎನ್ನುತ್ತಿದ್ದರು.

ನಾನು ಗದಗದ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ನಾಸಿಕಕ್ಕೆ ಬಂದು, ಅಲ್ಲಿನ ಕೈಗಾರಿಕಾ ಪ್ರದೇಶ ಅಂಬಡ್‌ನಲ್ಲಿ ವಿದ್ಯುತ್ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯ ಬಣ್ಣದ ವಿಭಾಗ ಸೇರಿದವನು. ಕೆಲವು ವರ್ಷಗಳಲ್ಲಿ ಶೇಡ್ ನೋಡುವ ಕೆಲಸ ಸಿಕ್ಕಿತು. ಬಣ್ಣದ ಮಾದರಿ ಕಾರ್ಡನ್ನು ಪೆಟ್ಟಿಗೆಗೆ ಹಿಡಿದು, ಹೊಂದಿದರೆ ಸೀಮೆಸುಣ್ಣದಿಂದ ಗೀಟು ಎಳೆಯುವುದು, ಇಲ್ಲದಿದ್ದರೆ ಪಕ್ಕಕ್ಕೆ ಇಡಿಸುವುದು. ಬಣ್ಣದ ವಿಷಯದಲ್ಲಿ ನನ್ನ ಕಣ್ಣನ್ನು ಮೀರಿದ್ದಿಲ್ಲ ಎಂಬ ಸೊಕ್ಕು ಅಲ್ಲಿಂದ ಶುರುವಾಯಿತು. ಬಿಡುವಿನಲ್ಲಿ ತಗಡು, ಹಿತ್ತಾಳೆ ತಂತಿ, ಕಟ್ಟಿಗೆ ಸೇರಿಸಿ ರೈಲು ಇಂಜಿನ್ನಿನ ಮಾದರಿ ಮಾಡುತ್ತಿದ್ದೆ. ಈಗಿನ ಸಂಭಾಜಿನಗರದಲ್ಲಿ, ಆಗ ಔರಂಗಾಬಾದ್ ಎನ್ನುತ್ತಿದ್ದ ಅದೇ ಊರಿನಲ್ಲಿ, ವರ್ಷಕ್ಕೊಮ್ಮೆ ಇಂಥ ಮಾದರಿಗಳ ಪ್ರದರ್ಶನ ನಡೆಯುತ್ತಿತ್ತು. ಬರುವವರೆಲ್ಲ ಡಾಕ್ಟರು, ಇಂಜಿನಿಯರು. ನಾನು ಮಾತಾಡಿದರೆ ತಲೆ ಆಡಿಸಿ ಬೇರೆ ಕಡೆ ನೋಡುವರು. ಅವರು ನನ್ನ ಕಡೆ ತಿರುಗಿ ನೋಡಬೇಕು ಎಂಬ ಒಂದೇ ಆಸೆ ನನಗೆ.

ಆ ವರ್ಷ ಮನ್ಮಾಡಿನಿಂದ ಔರಂಗಾಬಾದ್ ಕಡೆಗೆ ಮೀಟರ್ ಗೇಜ್ ಹಳಿ ಇದ್ದಾಗಿನ ಡೀಸೆಲ್ ಇಂಜಿನ್ ಮಾಡಿದೆ. ಮೊಳದಷ್ಟು ಉದ್ದ. ಚಕ್ರ, ಕಿಟಕಿ, ಏಣಿ ಎಲ್ಲ ಅಳತೆಗೆ ಸರಿ. ಬಣ್ಣ ಮಾತ್ರ ತಿಳಿಯಲಿಲ್ಲ. ಫೋಟೋಗಳಲ್ಲಿ ಒಂದೊಂದರಲ್ಲಿ ಒಂದೊಂದು ಕೆಂಪು. ತರಿಸಿಕೊಂಡ ಕಾರ್ಡುಗಳಲ್ಲಿ ಯಾವುದೂ ಹೊಂದಲಿಲ್ಲ.

ಪೇಂಟರ್ ಕಾಕಾ ನಮ್ಮ ಪಕ್ಕದ ಖೋಲಿಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ, ಮಗಳು ಅಳಿಯನ ಜತೆ ಇದ್ದರು. ಹುಬ್ಬಳ್ಳಿ ಕಡೆಯವರು. ರೈಲ್ವೆಯ ಒಂದು ಶೆಡ್ಡಿನಲ್ಲಿ ಆಯುಷ್ಯವಿಡೀ ಇಂಥ ಇಂಜಿನ್ನುಗಳಿಗೆ ಬಣ್ಣ ಹಚ್ಚಿದ್ದರು. ಉಗುರಿನ ಸಂದಿಯ ಗೆರೆಗಳು ರಿಟೈರ್ ಆದ ಮೇಲೂ ಹೋಗಿರಲಿಲ್ಲ. ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು, ಆಡಲು ನಾಚಿಕೆ. ಆದ್ದರಿಂದ ನನ್ನ ಬಾಗಿಲಲ್ಲಿ ಕನ್ನಡದಲ್ಲಿ ಹರಟೆ. ನಮ್ಮ ಹೊಸ್ತಿಲು ದಾಟುವಾಗ ಒಳಗೆ ನೋಡದೆಯೇ, “ನಿನ್ನೆ ಹಚ್ಚಿದ್ದು ಇನ್ನೂ ಹಸಿ ಐತಿ ತಮ್ಮಾ, ಮುಟ್ಟಬ್ಯಾಡ” ಎನ್ನುತ್ತಿದ್ದರು. ವಾಸನೆಯಿಂದಲೇ ಬಣ್ಣ ಎಷ್ಟು ದಿನದ್ದೆಂದು ಹೇಳುವ ಮೂಗು ಅದು.

ನನ್ನ ಪರದಾಟ ನೋಡಿ ಒಂದು ದಿನ ಬಿಸ್ಕೀಟಿನ ಡಬ್ಬಿ ತಂದರು. ಒಳಗೆ ಹಳೆಯ ಖಣದ ಬಟ್ಟೆಯಲ್ಲಿ ಸುತ್ತಿದ, ಅಂಗೈ ಅಗಲದ ತಗಡು. ಮೂಲೆಯಲ್ಲಿ ಎರಡು ಸ್ಕ್ರೂ ತೂತು. ಅವರ ಕೈಯಿಂದ ಬಣ್ಣ ಹಚ್ಚಿಸಿಕೊಂಡ ಕೊನೆಯ ಇಂಜಿನ್ ಗುಜರಿಗೆ ಹೋದಾಗ, ನಂಬರ್ ಪ್ಲೇಟ್ ಬಿಚ್ಚಿದ ಜಾಗದಿಂದ ಕೇಳಿ ಕತ್ತರಿಸಿಕೊಂಡದ್ದು. ಹೊರಗಿನ ಬಣ್ಣವನ್ನು ಬಿಸಿಲು, ಹೊಗೆ, ಮಳೆ ತಿಂದಿರುತ್ತದೆ. ಪ್ಲೇಟಿನ ಕೆಳಗಿನದು ಹಚ್ಚಿದ ದಿನದ ಹಾಗೇ ಇರುತ್ತದೆ. ಆ ಬಣ್ಣಕ್ಕೆ ಕಾರ್ಡಿನಲ್ಲಿ ನಂಬರ್ ಸಿಗದು ಎಂದರು ಕಾಕಾ. ಬಂದ ಡಬ್ಬಿಗೆ ಅವರೇ ಅಂದಾಜಿನ ಮೇಲೆ ಕರಿ, ಹಳದಿ ಬೆರೆಸಿ ಕಲಸುತ್ತಿದ್ದರು. ನೆನೆಸಿದ ಕಾಚಿನಂಥ ಕೆಂಪು ಅಂತೆ. ಆದರೆ ಇಷ್ಟು ವರ್ಷದ ಜಿಡ್ಡು ಕೂತು ತಗಡು ಮಬ್ಬಾಗಿತ್ತು.

“ಥಿನ್ನರ್ ಮುಟ್ಟಸಬ್ಯಾಡ ತಮ್ಮಾ. ಒದ್ದಿ ಬಟ್ಟಿಲೆ ಮೆಲ್ಲಗ ಒರಸಿ, ಹೊರಗ ಬೆಳಕಿಗೆ ಹಿಡದು ನೋಡು. ಅಷ್ಟ ಸಾಕು,” ಎಂದರು. ಹೋಗುವಾಗ ಸಂಕೋಚದಿಂದ ಇನ್ನೊಂದು ಮಾತು ಸೇರಿಸಿದರು. ಇಂಜಿನ್ನಿನ ಮೇಲೆ ಶೆಡ್ಡಿನ ಹೆಸರು ಇರುತ್ತದೆ, ಬಣ್ಣ ಹಚ್ಚಿದವನದು ಇರುವುದಿಲ್ಲ. ನಿನ್ನ ಇಂಜಿನ್ನಿನ ಮುಂದೆ ಚೀಟಿ ಇಡುತ್ತೀಯಲ್ಲ, ಅದರ ಕೆಳಗೆ ಸಣ್ಣದಾಗಿ, ಬಣ್ಣ ಹೇಳಿದವರು ಇಂಥವರು ಅಂತ ಬರಿ. ಅದಕ್ಕೇನು ಕಾಕಾ, ದೊಡ್ಡದಾಗಿಯೇ ಬರೆಯುತ್ತೇನೆ ಎಂದೆ.

ವಾರದ ರಜೆಯ ಮಧ್ಯಾಹ್ನ ತಗಡು ಹಿಡಿದು ಕೂತೆ. ಒದ್ದೆ ಬಟ್ಟೆಗೆ ಜಿಡ್ಡು ಬಿಡಲಿಲ್ಲ. ಕಾರ್ಖಾನೆಯಲ್ಲಿ ಶೇಡ್ ನೋಡುವ ಮುಂಚೆ ಥಿನ್ನರ್ ಬಟ್ಟೆಯಿಂದ ಒರೆಸುವುದು ನಮ್ಮ ರೂಢಿ. ಅಲ್ಲಿಯದು ದೊಡ್ಡ ಒಲೆಯಲ್ಲಿ ಬೆಂದು ಗಟ್ಟಿಯಾದ ಬಣ್ಣ, ಥಿನ್ನರಿಗೆ ಜಗ್ಗುವುದಿಲ್ಲ. ಕಾಕಾ ಕೈಯಿಂದ ಹಚ್ಚಿದ್ದು ಗಾಳಿಗೆ ಒಣಗಿದ ಬಣ್ಣ, ಥಿನ್ನರ್ ತಾಗಿದರೆ ಕರಗಿ ಎದ್ದುಬರುತ್ತದೆ. ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿತ್ತು. ಈ ಮುದುಕ ನನಗೆ ಹೇಳಿಕೊಡುವುದೇನು ಅನ್ನಿಸಿತು, ಅಷ್ಟೇ.

ಬಟ್ಟೆಗೆ ಥಿನ್ನರ್ ಸುರಿದು ಎಳೆದೆ. ಜಿಡ್ಡು ಹೋಯಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಆ ಬಣ್ಣ ನಿಚ್ಚಳವಾಗಿ ಕಂಡಿತು. ಅಂಥ ಕೆಂಪನ್ನು ನಾನು ಯಾವ ಕಾರ್ಡಿನಲ್ಲೂ ನೋಡಿರಲಿಲ್ಲ. ಆಮೇಲೆ ಅದು ಸುಕ್ಕುಗಟ್ಟಿ, ಹಾಲಿನ ಕೆನೆಯ ಹಾಗೆ ಎದ್ದು, ಬಟ್ಟೆಗೆ ಬಂದುಬಿಟ್ಟಿತು. ಹೆಂಡತಿ ಬಾಗಿಲಿಂದ ನೋಡಿ, “ಇದೇನ್ರೀ, ಯಾರೋ ಎಲಿ ತಿಂದು ಉಗುಳಿದಂಗ ಐತಿ” ಎಂದಳು. ಇವತ್ತಿಗೂ ಯಾವುದೇ ಮೆಟ್ಟಿಲ ಮೂಲೆಯಲ್ಲಿ ಉಗುಳಿನ ಕಲೆ ನೋಡಿದರೆ ನನಗೆ ನನ್ನ ಕೈ ನೆನಪಾಗುತ್ತದೆ.

ಎದ್ದು ಪಕ್ಕದ ಖೋಲಿಗೆ ಹೋಗಿ ಹೀಗಾಯಿತು ಕಾಕಾ ಎನ್ನಬೇಕಿತ್ತು. ಬೈಯುತ್ತಿದ್ದರು, ಅಳುತ್ತಿದ್ದರೋ ಏನೋ. ಆದರೆ ಕಲಸಿದ ಕೈ ಅವರದೇ ಇತ್ತಲ್ಲ. ನನ್ನ ಪಕ್ಕ ಕೂತು ಇನ್ನೊಮ್ಮೆ ಕಲಸಿ ತೋರಿಸುತ್ತಿದ್ದರೇನೋ... ನಾನು ಏಳಲಿಲ್ಲ. ಉಳಿದ ಬಣ್ಣವನ್ನೂ ಉಜ್ಜಿ ತೆಗೆದೆ. ಬಟ್ಟೆಯ ಕಲೆ ನೋಡಿಕೊಂಡು ಅಂದಾಜಿಗೆ ಒಂದು ಕೆಂಪು ಕಲಸಿದೆ. ಅದನ್ನೇ ಇಂಜಿನ್ನಿಗೂ ಹಚ್ಚಿದೆ, ತಗಡಿಗೂ ಹಚ್ಚಿದೆ. ತಗಡನ್ನು ಮಾಳಿಗೆಯ ಬಿಸಿಲಿಗಿಟ್ಟು ಒಣಗಿಸಿ, ಮೇಲೆ ಚಹಾದ ಗಸಿ, ಬೂದಿ, ಹೊಲಿಗೆ ಯಂತ್ರದ ಎಣ್ಣೆ ತಿಕ್ಕಿ ಹಳೆಯದರಂತೆ ಮಾಡಿದೆ. ಹೇಸಿಗೆ ಎಂದರೆ, ಆ ಕೆಲಸ ಚೆನ್ನಾಗಿ ಆಯಿತೆಂದು ನನಗೆ ಖುಷಿಯಾಗಿತ್ತು.

ಚೀಟಿಯಲ್ಲಿ ಕಾಕಾ ಹೆಸರು ಬರೆಯಲಿಲ್ಲ. ಬರೆದರೆ ಜನ ಹೋಗಿ ಅವರನ್ನು ಕೇಳುತ್ತಾರಲ್ಲ.

ತಗಡು ಪ್ರದರ್ಶನ ಮುಗಿಯುವವರೆಗೆ ನನ್ನ ಹತ್ತಿರವೇ ಇರಲಿ ಎಂದು ಕೇಳಿದ್ದೆ, ಅವರು ಒಪ್ಪಿದ್ದರು. ಆದರೆ ಹೊರಡುವ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. ನಾನೂ ಬರುತ್ತೇನೆ, ನೋಡಬೇಕು ಎಂದರು. ಬೇಡ ಅನ್ನಲು ಬಾಯಿ ಬರಲಿಲ್ಲ. ರೈಲಿನಲ್ಲಿ ಮನ್ಮಾಡ್ ದಾಟಿದ ಮೇಲೆ ಸಣ್ಣ ಹಳಿಯ ಕಾಲದ ಕಥೆಗಳನ್ನು ಹೇಳುತ್ತಲೇ ಇದ್ದರು. ನನ್ನ ಕಿವಿಗೆ ಒಂದೂ ಬೀಳಲಿಲ್ಲ.

ಪ್ರದರ್ಶನದಲ್ಲಿ ನನ್ನ ಮೇಜಿನ ಮುಂದೆ ಗುಂಪು ಸೇರಿತು. ತೀರ್ಪು ಕೊಡುವವರು ಒಬ್ಬ ರಿಟೈರ್ಡ್ ಇಂಜಿನಿಯರ್ ಸಾಹೇಬರು. ಈ ಕೆಂಪಿಗೆ ಆಧಾರವೇನು ಎಂದು ಮರಾಠಿಯಲ್ಲಿ ಕೇಳಿದರು. ನಾನು ಜೇಬಿನಿಂದ ತಗಡು ತೆಗೆದು, ಇದು ಅಸಲಿ ಇಂಜಿನ್ನಿನದು ಎಂದೆ. ಗುಂಪು ನೋಡಿದ ಸೊಕ್ಕಿನಲ್ಲಿ, ಹಚ್ಚಿದವರೇ ಇಲ್ಲಿದ್ದಾರೆ ಎಂದೂ ಅಂದುಬಿಟ್ಟೆ. ಸಾಹೇಬರು ಕುರ್ಚಿ ತರಿಸಿ ಕಾಕಾನನ್ನು ಕೂರಿಸಿ, ತಗಡನ್ನು ಅವರ ಕೈಗೆ ಕೊಟ್ಟು, ಸರಿಯಾಗಿದೆಯೇ ನೋಡಿ ಎಂದರು.

ಕಾಕಾ ಮೊದಲು ಚೀಟಿ ನೋಡಿದರು. ಕೆಳಗಿನ ಸಾಲು ಹುಡುಕಿದರು. ಆಮೇಲೆ ತಗಡನ್ನು ತಿರುಗಿಸಿ, ಹೆಬ್ಬೆರಳಿನಿಂದ ಸ್ಕ್ರೂ ತೂತು ಸವರಿ, ಮೂಗಿನ ಹತ್ತಿರ ತಂದರು. ಒಮ್ಮೆ ಅಷ್ಟೇ. ನನ್ನ ಮುಖ ನೋಡಿದರು. ಕನ್ನಡ ತಿಳಿಯುವವರು ಅಲ್ಲಿ ನಾವಿಬ್ಬರೇ.

“ಎರಡೂ ಒಂದ ಡಬ್ಬಿ ಬಣ್ಣ ತಮ್ಮಾ,” ಎಂದರು ಮೆಲ್ಲಗೆ. “ಹಚ್ಚಿ ಒಂದ್ ಹದಿನೈದು ದಿನ ಆಗಿರಬೇಕು. ಏನ್ ಹೇಳ್ತಿ ಹೇಳು ಅವರಿಗೆ.”

ಸಾಹೇಬರು ನನ್ನ ಕಡೆ ತಿರುಗಿ, ಏನೆಂದರು ಎಂದು ಕೇಳಿದರು. ಡಾಕ್ಟರು, ಇಂಜಿನಿಯರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಬಯಸಿದ್ದು ಅದನ್ನೇ ತಾನೇ. ಎರಡೂ ಒಂದೇ ಬಣ್ಣ, ಎಳ್ಳಷ್ಟೂ ವ್ಯತ್ಯಾಸ ಇಲ್ಲ ಅನ್ನುತ್ತಾರೆ ಎಂದು ಮರಾಠಿಯಲ್ಲಿ ಹೇಳಿದೆ.

ಕಾಕಾಗೆ ಮರಾಠಿ ತಿಳಿಯುತ್ತಿತ್ತು. ತಗಡನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ ನನಗೇ ಬಂತು. ಫೋಟೋಕ್ಕೆ ಕರೆದಾಗ ಅವರು ಎದ್ದು ನೀರಿನ ಮಡಕೆಯ ಕಡೆ ಹೋದರು.

ವಾಪಸ್ ಬರುವಾಗ ರೈಲು ದೌಲತಾಬಾದ್ ದಾಟುತ್ತಿತ್ತು. ಕಿಟಕಿಯಲ್ಲಿ ಕೋಟೆ ಕಾಣುತ್ತಿತ್ತು. ಕಾಕಾ ಅಂಗಿಯ ಜೇಬಿನಿಂದ ತಗಡು ತೆಗೆದು ನನ್ನ ತೊಡೆಯ ಮೇಲಿಟ್ಟರು.

“ಇದು ನಿಮ್ಮದರಿ. ನಿಮ್ಮ ಹಂತ್ಯಾಕ ಇರಲಿ.”

ಅಲ್ಲಿಯವರೆಗೆ ಅವರು ನನ್ನನ್ನು ನೀವು ಎಂದದ್ದೇ ಇಲ್ಲ. ನಾನು ಕಾಕಾ ಎಂದೆ. ಅವರು ಕಿಟಕಿಯ ಕಡೆ ತಿರುಗಿದ್ದರು. ನಿಫಾಡ್ ಬಂತು, ದ್ರಾಕ್ಷಿ ತೋಟದ ಕೆಲಸದ ಹೆಂಗಸರು ಹತ್ತಿಕೊಂಡು ನಮ್ಮ ನಡುವೆ ಬುಟ್ಟಿ ಇಟ್ಟು ಕೂತರು. ನನಗೆ ಹಾಯೆನಿಸಿತು.

ಆಮೇಲೆ ಅವರು ನಮ್ಮ ಬಾಗಿಲಿಗೆ ಬರಲಿಲ್ಲ. ನೀರಿನ ನಲ್ಲಿಯ ಹತ್ತಿರ ಸಿಕ್ಕರೆ, ಚಹಾ ಆಯ್ತೇನ್ರಿ ಎಂದು ಕೇಳಿ ಹೋಗುವರು. ಮುಂದಿನ ವರ್ಷ ಅಳಿಯನಿಗೆ ಔರಂಗಾಬಾದಿನಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದರು. ನಾನೂ ಪ್ರತಿ ವರ್ಷ ಅಲ್ಲಿಗೆ ಹೋಗುತ್ತಿದ್ದೆ, ಬಣ್ಣ ನೋಡಿ ತೀರ್ಪು ಕೊಡುವವನಾಗಿ! ಪ್ರದರ್ಶನದ ಜಾಗದಿಂದ ಅವರ ಮನೆಗೆ ರಿಕ್ಷಾದಲ್ಲಿ ಹತ್ತು ನಿಮಿಷ. ಮಗಳು ವಿಳಾಸ ಬರೆದುಕೊಟ್ಟಿದ್ದಳು. ಒಮ್ಮೆ ಅವರ ಓಣಿಯ ತುದಿವರೆಗೆ ಹೋಗಿ, ಅಲ್ಲೇ ನಿಂತು ಚಹಾ ಕುಡಿದು ತಿರುಗಿ ಬಂದೆ. ಆ ಚಹಾದ ರುಚಿ ಇನ್ನೂ ನಾಲಿಗೆಯ ಮೇಲೆ ಹುಳಿಹುಳಿಯಾಗಿ ಇದೆ.

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಡವಾಗಿ, ಮಗಳು ಫೋನ್ ಮಾಡಿದಾಗ. “ಅಣ್ಣಾರ, ಅಪ್ಪಾರ ಆ ತಗಡು ನಿಮ್ಮ ಹತ್ರ ಐತೇನ್ರಿ? ಅವರದು ಅಂತ ನೆನಪಿಗೆ ಮತ್ತೇನೂ ಇಲ್ಲರಿ,” ಎಂದಳು. ಅಪ್ಪ ಅವಳಿಗೂ ಏನೂ ಹೇಳಿರಲಿಲ್ಲ. ಇದೆಯಮ್ಮಾ, ಕಳಿಸುತ್ತೇನೆ ಎಂದೆ. ಕಳಿಸಲಿಲ್ಲ. ಆ ಸುಳ್ಳು ತಗಡನ್ನು ಅವಳು ದೇವರ ಫೋಟೋದ ಪಕ್ಕ ಇಡುತ್ತಾಳೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತಿತ್ತು. ನಿಜ ಹೇಳುವ ಧೈರ್ಯವೂ ಇರಲಿಲ್ಲ. ಎರಡು ಸಲ ಮತ್ತೆ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಈಗ ಮೇಜಿನ ಮೇಲೆ ಮೂರೂ ಇವೆ, ಇಂಜಿನ್, ತಗಡು, ಬಾಟಲಿ. ಮೂರೂ ಒಂದೇ ಕೆಂಪು. ಎಷ್ಟು ಜನ ಇದೇ ಸರಿಯಾದ ಬಣ್ಣವೆಂದು ತಮ್ಮ ಇಂಜಿನ್ನಿಗೆ ಹಚ್ಚಿಕೊಂಡಿದ್ದಾರೋ... ಆ ನಿಜವಾದ ಕೆಂಪನ್ನು ಕಡೆಯದಾಗಿ ಕಂಡವನು ನಾನು. ಕಣ್ಣು ಮುಚ್ಚಿ ಎಷ್ಟು ಪ್ರಯತ್ನಿಸಿದರೂ ಅದು ಬರುವುದಿಲ್ಲ. ಬಟ್ಟೆಯ ಮೇಲಿನ ಕಲೆ ಮಾತ್ರ ಬರುತ್ತದೆ.

ಇವತ್ತು ಬೆಳಿಗ್ಗೆ ಡ್ರಾಯಿಂಗ್ ಮಾಸ್ತರರಿಗೆ ಕಾಗದ ಹಾಕಿದೆ. ಇದು ಆ ಇಂಜಿನ್ನಿನ ಬಣ್ಣವಲ್ಲ, ನನ್ನ ಹೆಸರು ಕಿತ್ತುಹಾಕಿ ಎಂದು ಬರೆದೆ. ಕಾಕಾ ಹೆಸರನ್ನೂ ಇದಕ್ಕೆ ಹಾಕಬೇಡಿ, ಅವರ ಬಣ್ಣ ಈಗ ಎಲ್ಲೂ ಇಲ್ಲ ಎಂದೂ ಬರೆದೆ. ತಗಡನ್ನು ಖಣದ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಈ ಬರಹದ ಜತೆ ಅದನ್ನು ಕಾಕಾನ ಮಗಳಿಗೆ ಕಳಿಸುತ್ತೇನೆ. ಓದಿದ ಮೇಲೆ ಇಟ್ಟುಕೊಳ್ಳುವುದೋ ಎಸೆಯುವುದೋ ಅವಳಿಗೆ ಬಿಟ್ಟದ್ದು. ಕ್ಷಮೆ ಕೇಳಬೇಕಾದವರನ್ನು ಅವರಿದ್ದಾಗ ನಾನು ಕೇಳಲಿಲ್ಲ.

ಪ್ರದರ್ಶನದ ಆ ಚೀಟಿಯ ಕೆಳಗೆ ಸಣ್ಣದಾಗಿ ಬರೆಯಬೇಕಿದ್ದ ಸಾಲು ಒಂದು ಬಾಕಿ ಇದೆ. ಬಣ್ಣ ಹೇಳಿದವರು: ಚನ್ನಬಸಪ್ಪ, ರೈಲ್ವೆ ಪೇಂಟರ್.