ಅಪ್ಪ ಹೇಳದ ಹೆಸರು

ಯುದ್ಧದ ಕಾಲದಲ್ಲಿ ಒಂದು ಕಟ್ಟಳೆ ಬಂತು. ಮನೆಯ ಊಟಕ್ಕೆ ಬೇಕಾದಷ್ಟು ರಾಗಿ ಇಟ್ಟುಕೊಂಡು ಉಳಿದದ್ದನ್ನು ಸರ್ಕಾರಕ್ಕೆ ಅಳೆದುಕೊಡಬೇಕು. ಹೊಸೂರು ಸೀಮೆಯ ಸಾನಮಾವು ಕಾಡಿನ ಅಂಚಿನಲ್ಲಿದ್ದ ನಮ್ಮ ಹಳ್ಳಿಯ ಗೌಡರು ಅದಕ್ಕೆ ಮುಂಚೆಯೇ ತಮ್ಮ ಕಣದ ಹಗೇವನ್ನು ತುಂಬಿಸಿ ಮುಚ್ಚಿಸಿದ್ದರು. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿಗೆ ಚಪ್ಪಡಿ ಹಾಕಿ, ಮಣ್ಣೆಳೆದು, ಸೆಗಣಿ ಸಾರಿಸಿದರೆ ಅಲ್ಲೊಂದು ಹಗೇವಿದೆ ಎಂದು ಯಾರಿಗೂ ತಿಳಿಯದು. ಕಟ್ಟಳೆ ಬಂದ ಮೇಲೂ ಗೌಡರು ಅದರ ಮಾತೆತ್ತಲಿಲ್ಲ.

ಅದನ್ನು ಮುಚ್ಚಿದ್ದು ನಮ್ಮಪ್ಪ. ಹಗೇವಿನೊಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಮೊದಲು ಉರಿಯುವ ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಆ ಕೆಲಸಕ್ಕೆ ಊರಿನವರೆಲ್ಲ ಅಪ್ಪನನ್ನೇ ಕರೆಯುತ್ತಿದ್ದರು. ಊರಿಗೆಲ್ಲ ಕ್ರೈಸ್ತರ ಮನೆ ನಮ್ಮದೊಂದೇ. 'ಕಿರಸ್ತಾನದೋನು ಒಂದು ಹಿಡಿ ಕಾಳೂ ಮುಟ್ಟಲ್ಲ, ಸುಳ್ಳೂ ಹೇಳಲ್ಲ' ಎನ್ನುತ್ತಿದ್ದರು. ಆ ಮಾತು ಕೇಳಿದಾಗ ನನಗೆ ಹೆಮ್ಮೆ, ಅಮ್ಮನಿಗೆ ಮಾತ್ರ ದಿಗಿಲು.

ಅವಳ ದಿಗಿಲು ಸುಳ್ಳಾಗಲಿಲ್ಲ. ಒಂದು ಬೆಳಗ್ಗೆ ಧಾನ್ಯ ವಸೂಲಿಯ ಅಧಿಕಾರಿ ಇಬ್ಬರು ಜವಾನರನ್ನು ಕರೆದುಕೊಂಡು ಬಂದರು. ಊರೆಲ್ಲ ವಿಚಾರಿಸಿ ಏನೂ ಸಿಗದೆ, ಸುಳ್ಳು ಹೇಳದವನ ಮನೆ ಯಾವುದೆಂದು ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದರು. ಅಪ್ಪ ಹೊಲದಲ್ಲಿದ್ದರು, ಅಮ್ಮ ಬಾವಿಗೆ ಹೋಗಿದ್ದಳು. ನನಗೆ ಹದಿನಾಲ್ಕು ವರ್ಷ. ಜಗಲಿಯಲ್ಲಿ ರಾಗಿ ಕೇರುತ್ತಿದ್ದೆ.

"ಈ ಊರಲ್ಲಿ ಯಾರಾದರೂ ರಾಗಿ ಬಚ್ಚಿಟ್ಟಿದ್ದಾರಾ?" ಎಂದು ಅಧಿಕಾರಿ ತಮಿಳಿನಲ್ಲಿ ಕೇಳಿದರು.

ಬೇವಿನ ಮರದಡಿ ನಿಂತಿದ್ದ ಗೌಡರು ನನ್ನನ್ನೇ ನೋಡುತ್ತಿದ್ದರು. "ಯಾರೂ ಇಲ್ಲ" ಎಂದುಬಿಟ್ಟೆ.

ಅಷ್ಟರಲ್ಲಿ ಸುದ್ದಿ ತಿಳಿದು ಅಪ್ಪ ಓಡಿಬಂದರು. "ನಿನ್ನ ಮಗಳು ಯಾರೂ ಇಲ್ಲ ಅಂತಾಳೆ. ನೀನೇನು ಹೇಳ್ತೀಯ?" ಎಂದರು ಅಧಿಕಾರಿ. ಅಪ್ಪ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

"ಯಾರೂ ಇಲ್ಲ ಅಂತ ನಾನ್ ಹೇಳಕ್ಕಾಗಲ್ಲ ಸಾಮಿ. ಇಂಥೋರು ಅಂತಾನೂ ಹೇಳಕ್ಕಾಗಲ್ಲ."

ಅಧಿಕಾರಿ ಅಪ್ಪನನ್ನು ಹೊಸೂರಿನ ಕಚೇರಿಗೆ ಕರೆದುಕೊಂಡು ಹೋದರು.

ಮಧ್ಯಾಹ್ನ ಗೌಡರು ನಮ್ಮ ಅಂಗಳಕ್ಕೆ ಬಂದರು. "ಇಲ್ಲ ಅಂದಿದ್ರೆ ಮುಗ್ದೋಗ್ತಿತ್ತು. ಈಗ ಅವನೇನಾದ್ರೂ ಬಾಯ್ ಬುಟ್ರೆ ಈ ಊರಾಗೆ ನಿಮ್ಗೆ ಬಾವಿ ನೀರಿಲ್ಲ, ತಿಳ್ಕಾ" ಎಂದು ಅಮ್ಮನಿಗೆ ಹೇಳಿ ಹೋದರು. ಆಮೇಲೆ ಅಮ್ಮ ನೀರಿಗೆ ಹೋಗುವಾಗ ಬೇರೆ ಹೆಂಗಸರು ಬರುವ ಮೊದಲೇ ಹೋಗಿ ಬರತೊಡಗಿದಳು.

ಎರಡು ದಿನ ಕಳೆದರೂ ಅಪ್ಪ ಬರಲಿಲ್ಲ. ಗಾಡಿಯ ಸದ್ದಾದರೆ ನಾನು ದಾರಿಗೆ ಓಡುತ್ತಿದ್ದೆ. ಅಪ್ಪನನ್ನು ಹೊಡೆಯುತ್ತಿದ್ದಾರೋ, ಅವರು ಹೆಸರು ಹೇಳಿಬಿಟ್ಟರೋ, ಯಾವುದಕ್ಕೆ ಹೆಚ್ಚು ಹೆದರಬೇಕೆಂದೇ ತಿಳಿಯುತ್ತಿರಲಿಲ್ಲ. ನನ್ನ ಸುಳ್ಳಿನಿಂದಲೇ ಇದೆಲ್ಲ ಆಯಿತು ಎಂಬ ಯೋಚನೆ ಒಂದು ಕಡೆ. ಅಪ್ಪನೂ ಅದೇ ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಎಂಬ ಸಿಟ್ಟು ಇನ್ನೊಂದು ಕಡೆ.

ಎರಡನೆಯ ದಿನ ದೀಪ ಹಚ್ಚುವ ಹೊತ್ತಿಗೆ ಅಮ್ಮ ಮೊಣಕಾಲೂರಿ ಪ್ರಾರ್ಥನೆ ಮಾಡಿದಳು. ಅಪ್ಪನಿಗಾಗಿ ಬೇಡಿಕೊಂಡ ಮೇಲೆ, "ಗೌಡ್ರ ಮನೆಯೋರ್ನೂ ಕಾಪಾಡಪ್ಪ ಕರ್ತನೇ. ಅವ್ರೂ ಹೆದ್ರವ್ರೆ, ಮಕ್ಳೊಂದಿಗರು" ಎಂದಳು. ನನಗೆ ಮೈಯೆಲ್ಲ ಉರಿಯಿತು. ಕಣ್ಣು ತೆರೆದರೆ ಬಾಗಿಲ ಹೊರಗೆ ಗೌಡರ ಹೆಂಡತಿ ನಿಂತಿದ್ದರು. ಅಪ್ಪನ ಸುದ್ದಿ ಏನಾದರೂ ಬಂತೋ ಎಂದು ತಿಳಿದುಕೊಳ್ಳಲು ಬಂದವರು, ಸೆರಗು ಬಾಯಿಗೆ ಹಿಡಿದು ಹಿಂತಿರುಗಿದರು.

ಮರುದಿನ ಬೆಳಗ್ಗೆ ಗೌಡರು ಗಾಡಿ ಕಟ್ಟಿಕೊಂಡು ಹೊಸೂರಿನ ಕಡೆ ಹೊರಟರು. ಇವರೇನು ಮಾಡಲು ಹೋಗುತ್ತಿದ್ದಾರೆ ಎಂದು ಅಮ್ಮ ಬಾಗಿಲಿಗೆ ಒರಗಿ ಕೂತವಳು ಒಲೆಯನ್ನೇ ಹಚ್ಚಲಿಲ್ಲ. ಇಳಿಹೊತ್ತಿಗೆ ಅದೇ ಗಾಡಿಯಲ್ಲಿ, ಗೌಡರ ಪಕ್ಕದಲ್ಲಿ, ಅಪ್ಪ ಕೂತು ಬಂದರು. ಮೈಮೇಲೆ ಪೆಟ್ಟಿನ ಗುರುತಿರಲಿಲ್ಲ. ಮುಖ ಮಾತ್ರ ಬತ್ತಿತ್ತು. ಕಚೇರಿಯ ಜಗಲಿಯಲ್ಲಿ ಕೂರಿಸಿ ಹೊತ್ತುಹೊತ್ತಿಗೂ ಅದೇ ಪ್ರಶ್ನೆ ಕೇಳಿದ್ದರಂತೆ. ಕೊನೆಗೆ ಗೌಡರೇ ಒಳಗೆ ಹೋಗಿ, "ಹಗೇವು ನಂದು, ಇವ್ನನ್ನ ಬುಟ್ಬುಡಿ" ಎಂದರಂತೆ.

ಗೌಡರು ನಮ್ಮ ಜಗಲಿಯ ಮೇಲೆ ಕೂತದ್ದು ಅದೇ ಮೊದಲು.

"ನನ್ ಹೆಸ್ರು ಹೇಳಿದ್ರೆ ಅವತ್ತೇ ಮನೆಗೆ ಬತ್ತಿದ್ದೆ. ಯಾಕ್ ಹೇಳ್ಲಿಲ್ಲ ಕಣ್ಲಾ?"

"ಸುಳ್ಳಾಡಕ್ಕೆ ನಾಲ್ಗೆ ಬರ್ಲಿಲ್ಲ ಗೌಡ್ರೇ. ನಿಮ್ಮನ್ನ ಹಿಡ್ದುಕೊಡಕ್ಕೆ ಮನ್ಸು ಬರ್ಲಿಲ್ಲ."

"ನಿನ್ ಹೆಂಡ್ತಿ ನಮ್ ಮನೆಗೂ ಬೇಡ್ಕೊಂಡ್ಲು ಅಂತ ನೆನ್ನೆ ರಾತ್ರಿ ನಮ್ಮನೆಯೋಳು ಹೇಳಿದ್ಮ್ಯಾಕೆ ನಂಗೆ ಸುಮ್ನಿರಕ್ಕಾಗ್ಲಿಲ್ಲ" ಎಂದರು ಗೌಡರು. ಎರಡು ದಿನ ಬಿಟ್ಟು ಅಧಿಕಾರಿ ಬಂದು ಹಗೇವು ತೆಗೆಸಿದರು. ಸರ್ಕಾರದ ಪಾಲು ಹೋಯಿತು, ಬೈಗುಳವೂ ಸಿಕ್ಕಿತು, ಮನೆಯ ಪಾಲು ಉಳಿಯಿತು. ಅದರಲ್ಲೇ ಒಂದಷ್ಟನ್ನು ಗೌಡರು ಕಾಳಿಲ್ಲದ ಮನೆಗಳಿಗೆ ಅಪ್ಪನ ಕೈಯಿಂದಲೇ ಹಂಚಿಸಿದರು.

ನನ್ನ ಸುಳ್ಳಿನ ವಿಷಯ ಅಪ್ಪ ಎತ್ತಲೇ ಇಲ್ಲ. ತಡೆಯಲಾರದೆ ನಾನೇ ಹೇಳಿಕೊಂಡು ಅತ್ತೆ. "ನೀನೂ ಹೆದ್ರಿದ್ದೆ, ನಾನೂ ಹೆದ್ರಿದ್ದೆ. ಕಚೇರಿ ಜಗಲೀಲಿ ಕೂತು ಎಷ್ಟೋ ಸಲ ಹೇಳ್ಬುಡಾನ ಅನ್ಸಿತ್ತು ಮಗಾ" ಎಂದರು. ಅಪ್ಪನಿಗೂ ಭಯವಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ.

ಆ ಭಾನುವಾರ ನಾವು ಪ್ರಾರ್ಥನೆಗೆ ಕೂತಾಗ ಗೌಡರ ಹೆಂಡತಿ ಬಂದು ಹೊಸ್ತಿಲ ಹೊರಗೆ ಕೂತರು. ಅವರ ನೆಂಟರು ಏನೆಂದಾರು, ಊರು ಏನೆಂದೀತು? ಅಮ್ಮನಿಗೆ ಒಳಗೆ ಬನ್ನಿ ಎನ್ನಲೂ ಭಯ, ಹೋಗಿ ಎನ್ನಲೂ ಭಯ.

"ನಿಮ್ ಯಜಮಾನ್ರು ಬೈಯಲ್ವಾ ಅಕ್ಕ?" ಎಂದಳು.

"ಕೇಳ್ಬುಟ್ಟೇ ಬಂದಿವ್ನಿ. ಅವತ್ತು ನಮ್ಮನೇಗೋಸ್ಕರ ಏನೋ ಕೇಳ್ಕೊಂಡ್ಯಲ್ಲ, ಅದ್ನ ಇನ್ನೊಂದ್ ಸಲ ಹೇಳಮ್ಮ."

ಅಮ್ಮ ಹೇಳಿದಳು. ದಿಗಿಲಿಗೆ ಅರ್ಧದಲ್ಲೇ ಮಾತು ತಪ್ಪಿತು. ಗೌಡರ ಹೆಂಡತಿ ಎದ್ದು ಹೋಗದೆ, ಅವಳು ಮುಗಿಸುವವರೆಗೂ ಕಾದು ಕೂತರು.