ಅಕ್ಕನ ಮಶೇರಿ ಡಬ್ಬಿ

ಮಶೇರಿಯೂ ತಂಬಾಕೇ ಎಂಬ ತಿಳಿವಳಿಕೆಗೆ ನಾವು ತೆತ್ತ ಬೆಲೆ ಅಕ್ಕನ ಎಡಗಾಲಿನ ಕಿರುಬೆರಳು. ಮಶೇರಿಯನ್ನು ನಮ್ಮ ಮನೆಯಲ್ಲಿ ಯಾರೂ ತಂಬಾಕು ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ, ಅದೇ ಕಾರಣ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿದರೆ ಮಶೇರಿ. ಗಡಹಿಂಗ್ಲಜಕ್ಕೆ ಕೊಟ್ಟ ನನ್ನಕ್ಕ ಮದುವೆಯಾದಾಗಿನಿಂದ ಅದರಲ್ಲೇ ಹಲ್ಲು ತಿಕ್ಕುತ್ತಿದ್ದಳು.

ಬೆರಳು ಕಪ್ಪಾಗಿ ಗಾಯ ಮಾಯದಿದ್ದಾಗ ಕೊಲ್ಹಾಪುರದ ಆಸ್ಪತ್ರೆಗೆ ಕರೆದೊಯ್ದೆ. ಸಕ್ಕರೆ ಕಾಯಿಲೆ ಇರಲಿಲ್ಲ. "ತಂಬಾಕು?" ಎಂದು ಡಾಕ್ಟರು ಕೇಳಿದರು. "ಮುಟ್ಟೇ ಇಲ್ರಿ," ಎಂದಳು ಅಕ್ಕ. ನಾನೂ ತಲೆಯಾಡಿಸಿದೆ. ಔಷಧ ನಾಟಲಿಲ್ಲ, ಬೆರಳು ತೆಗೆದರು. ಪಕ್ಕದ ಬೆರಳೂ ನೀಲಿಗಟ್ಟತೊಡಗಿತು. ಹೀಗೇ ಆದರೆ ಪಾದವೇ ಹೋದೀತು ಎಂದರು.

ಮರುದಿನ ಬೆಳಿಗ್ಗೆ ಡಾಕ್ಟರು ವಾರ್ಡಿಗೆ ಬಂದಾಗ ಅಕ್ಕನ ಬಾಯಿ ತುಂಬ ಕರಿ ನೊರೆ.

"ಏನ್ರಿ ಇದು?"

"ಮಶೇರಿರೀ."

"ತಂಬಾಕ ಇಲ್ಲ ಅಂದಿದ್ರಲ್ಲಾ?"

"ತಂಬಾಕ ಗಂಡಸರು ತಿಂತಾರ್ರಿ. ನಾ ಹಲ್ಲ ತಿಕ್ಕಾಕತ್ತೇನಿ!"

ಡಾಕ್ಟರು ನಗಲಿಲ್ಲ. ಕುಳಿತು ಬಿಡಿಸಿ ಹೇಳಿದರು. ರಕ್ತನಾಳದ ಒಳಮೈಗೆ ಜೀವಕೋಶಗಳ ತೆಳು ಪದರವಿದೆ. ಸಡಿಲಾಗು ಎಂದು ನಾಳಕ್ಕೆ ರಾಸಾಯನಿಕ ಸಂದೇಶ ಕಳಿಸುವುದು ಅದೇ, ರಕ್ತ ಅಂಟದಂತೆ ಕಾಯುವುದೂ ಅದೇ. ತಂಬಾಕಿನ ವಿಷ ವಸಡಿನಿಂದಲೂ ರಕ್ತಕ್ಕಿಳಿದು ಆ ಕೋಶಗಳನ್ನು ಕೆಡಿಸುತ್ತದೆ. ಸಂದೇಶ ಕುಗ್ಗುತ್ತದೆ, ನಾಳ ಬಿಗಿಯುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಮಶೇರಿ ಪೂರ್ತಿ ಬಿಟ್ಟರಷ್ಟೇ ಪಾದ ಉಳಿದೀತು.

ಇಚಲಕರಂಜಿಯಲ್ಲಿ ಯಂತ್ರಮಗ್ಗ ನಡೆಸುವ ನನಗೆ ಇದು ತಕ್ಷಣ ತಿಳಿಯಿತು. ನೂಲಿಗೆ ಗಂಜಿ ಹಚ್ಚುವ ಸೈಝಿಂಗ್ ಕೆಟ್ಟರೆ ಎಳೆಗಳು ಜುಂಗೆದ್ದು, ಒಂದಕ್ಕೊಂದು ಅಂಟಿ, ಮಗ್ಗವೇ ನಿಲ್ಲುತ್ತದೆ. ನೂಲಾದರೆ ಕೊಳ್ಳುವ ಮುಂಚೆ ಬೆರಳಲ್ಲಿ ಉಜ್ಜಿ ನೋಡುತ್ತೇನೆ. ನಾಳದ ಒಳಮೈಯನ್ನು ಯಾರು ಮುಟ್ಟಿ ನೋಡಿಯಾರು?

ತಿಳಿದರೂ ಚೌಕಾಸಿಗಿಳಿದೆ. "ದಿನಕ್ಕ ಒಂದ ಸಲರೆ ತಿಕ್ಕಲ್ರಿ, ಪಾಪ."

"ಎಷ್ಟ ಬೆರಳಿಗೆ ಸೌದಾ ಮುಗಸ್ತೀರಿ?" ಎಂದರು ಡಾಕ್ಟರು.

ಅಕ್ಕ ಡಬ್ಬಿಯನ್ನು ನನ್ನ ಕೈಗೆ ತುರುಕಿದಳು. "ಒಗದ ಬಾ ತಮ್ಮಾ. ನಿನ್ನ ಚೌಕಾಸಿ ನೂಲ ಪ್ಯಾಟ್ಯಾಗ ಇಟ್ಕೋ."

ಕೆಲವು ವಾರ ಕಂಡಕಂಡವರ ಮೇಲೆ ಸಿಡುಕಿದಳು, ಬೇವಿನ ಕಡ್ಡಿಯನ್ನು ಬೈದುಕೊಂಡೇ ಜಗಿದಳು. ನೀಲಿ ನಿಧಾನವಾಗಿ ಇಳಿಯಿತು. ಪಾದ ಉಳಿಯಿತು.

ನಿಮಗೆ ಹೇಳುವುದಿಷ್ಟು: ತಂಬಾಕು ಉಂಟೇ ಎಂದು ಡಾಕ್ಟರು ಕೇಳಿದರೆ ಬರೀ ಹೌದು, ಇಲ್ಲ ಎನ್ನಬೇಡಿ. ಬಾಯಿಗೆ, ಹಲ್ಲಿಗೆ, ಮೂಗಿಗೆ ಏನೇನು ಹಚ್ಚುತ್ತೀರೋ ಅದನ್ನೆಲ್ಲ ಡಬ್ಬಿ ಸಮೇತ ಒಯ್ದು ಅವರ ಮೇಜಿನ ಮೇಲಿಡಿ. ಯಾವುದು ತಂಬಾಕು ಎಂದು ಅವರೇ ಹೇಳಲಿ.