ಕೆಂಪಿಯ ರಕ್ತದಲ್ಲಿ ಏನೂ ಇರಲಿಲ್ಲ

ಹನುಮಕ್ಕನವರಿಗೆ ಜ್ವರ ಬಂದದ್ದು ಅವರ ಮೇಕೆಗಳಿಂದಲ್ಲ, ನನ್ನ ಕೋಟಿನಿಂದ. ಇದು ನನಗೆ ಆರು ವರ್ಷಗಳಿಂದ ಗೊತ್ತು. ಅವರಿಗೆ ಮೊನ್ನೆಯವರೆಗೂ ಗೊತ್ತಿರಲಿಲ್ಲ.

ನಾನು ಆಗ ತೆಲುಗು ನಾಡಿನ ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಮೇಲೆ ನನ್ನ ಕೆಲಸ. ಅದು ಕುರಿ ಮೇಕೆಗಳ ಗರ್ಭ ಇಳಿಸುತ್ತದೆ; ಮನುಷ್ಯರಿಗೆ ಹಸಿ ಹಾಲಿನಿಂದಲೋ ಬಿರಿದ ಚರ್ಮದಿಂದಲೋ ತಗುಲಿದರೆ ತಿಂಗಳುಗಟ್ಟಲೆ ಜ್ವರ ಬಿಡುವುದಿಲ್ಲ. ಹನುಮಕ್ಕ ಅಲ್ಲಿ ಅಟೆಂಡರ್. ಗಾಜಿನ ಸಾಮಾನು ತೊಳೆಯುವುದು, ಆಟೋಕ್ಲೇವ್ ನೋಡಿಕೊಳ್ಳುವುದು ಅವರ ಪಾಲಿನ ಕೆಲಸ. ಆಟೋಕ್ಲೇವ್ ಎಂದರೆ ದೊಡ್ಡ ಪ್ರೆಶರ್ ಕುಕ್ಕರಿನಂಥದು. ಒಳಗೆ ಬಳಸಿದ ಯಾವ ವಸ್ತುವೂ, ನಮ್ಮ ಬಿಳಿ ಕೋಟು ಕೂಡ, ಅದರಲ್ಲಿ ಬೇಯದೆ ಹೊರಗೆ ಹೋಗುವಂತಿಲ್ಲ. ಚೀಲಕ್ಕೆ ಒಂದು ಪಟ್ಟಿ ಅಂಟಿಸುತ್ತೇವೆ. ಬೆಂದರೆ ಅದರ ಮೇಲೆ ಕಪ್ಪು ಗೆರೆ ಮೂಡುತ್ತದೆ. ಆ ಗೆರೆ ಕಾಣದ ಚೀಲವನ್ನು ಹನುಮಕ್ಕ ಪ್ರೊಫೆಸರರೇ ಕೊಟ್ಟರೂ ಮುಟ್ಟುತ್ತಿರಲಿಲ್ಲ.

ಸುತ್ತ ಎಲ್ಲರದೂ ತೆಲುಗು. ಕನ್ನಡ ಆಡುವವರು ನಾವಿಬ್ಬರೇ. ನಾನು ರಾಯದುರ್ಗದವಳು, ಅವರು ಮಡಕಶಿರದ ಹತ್ತಿರದ ಹಳ್ಳಿಯವರು.

“ಅದೇನ್ ಮೇಡಮ್ಮಾ ನಿಮ್ ಕಡೆ ಮಾತು, ಪ್ರೀತಿಯಾಗ್ ಕರೆದ್ರೂ ಜಗಳಕ್ಕೆ ಕರ್ದಂಗಿರ್ತದೆ!”

“ನಿಮ್ದು ಭಾಳ ಚಂದ ಬಿಡ್ರಿ ಅಕ್ಕಾ. ಬೈದ್ರೂ ಜೋಗುಳ ಹಾಡಿದಂಗ ಇರ್ತೈತಿ.”

ಯಾರೊಂದಿಗೂ ಹೆಚ್ಚು ಮಾತಾಡದ ನಾನು ಅವರೊಂದಿಗೆ ಮಾತ್ರ ಹೀಗೆ ಇರುತ್ತಿದ್ದೆ. ವಾರವೆಲ್ಲ ಪಟ್ಟಣದಲ್ಲೊಂದು ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮಧ್ಯಾಹ್ನ ಅವರು ಮಡಕಶಿರದ ಬಸ್ಸು ಹತ್ತುತ್ತಿದ್ದರು. ಹಳ್ಳಿಯಲ್ಲಿ ಮಗಳು, ಮೊಮ್ಮಗಳು, ನಾಲ್ಕು ಮೇಕೆಗಳು. ಅವುಗಳಲ್ಲಿ ಹಿರಿಯಳು ಕೆಂಪಿ. ಹುಟ್ಟಿದ ದಿನವೇ ತಾಯಿ ಸತ್ತಿದ್ದ ಆ ಮರಿಯನ್ನು ಹನುಮಕ್ಕ ಬಾಟಲಿಯಲ್ಲಿ ಹಾಲು ಕುಡಿಸಿ, ತಮ್ಮ ಕಂಬಳಿಯೊಳಗೆ ಮಲಗಿಸಿಕೊಂಡು ಬೆಳೆಸಿದ್ದರು. ಫೋನಿನಲ್ಲಿ ಮಗಳ ಫೋಟೊ ಒಂದಿದ್ದರೆ ಕೆಂಪಿಯವು ಹತ್ತಿದ್ದವು.

ಬೆಂದ ಕೋಟುಗಳನ್ನು ಅಗಸರಿಗೆ ಕೊಡುವುದು ರೂಢಿ. ನನ್ನದನ್ನು ಮಾತ್ರ ಅವರು ತಾವೇ ಊರಿಗೆ ಒಯ್ದು, ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಸಿ ತರುತ್ತಿದ್ದರು. ನಾನು ಕೇಳಿದ್ದಲ್ಲ. ಬೇಡ ಎಂದೂ ಅನ್ನಲಿಲ್ಲ.

ಆ ವರ್ಷ ಅಪ್ಪ ನನಗೊಂದು ಹೊಸ ಕೋಟು ಹೊಲಿದು ಕೊಟ್ಟಿದ್ದರು. ರಾಯದುರ್ಗದಲ್ಲಿ ಹಗಲೆಲ್ಲ ಜೀನ್ಸ್ ಹೊಲಿಯುವ ಅಪ್ಪ, ಮಗಳಿಗೆಂದು ಬಿಳಿ ಬಟ್ಟೆ ತಂದು, ಅಳತೆ ತೆಗೆದು... ಅದನ್ನು ನಾನು ಒಮ್ಮೆಯೂ ಆಟೋಕ್ಲೇವಿಗೆ ಹಾಕಿರಲಿಲ್ಲ. ನಾಲ್ಕು ಸಲ ಬೆಂದರೆ ಬಿಳಿ ಬಟ್ಟೆ ಹಳದಿಗೆ ತಿರುಗುತ್ತದೆ. ಸುಮ್ಮನೆ ಓದುವ, ಬರೆಯುವ ದಿನಗಳಲ್ಲಿ ಮಾತ್ರ ಹಾಕಿಕೊಳ್ಳುತ್ತಿದ್ದೆ. ಒಂದು ಶನಿವಾರ ಅದನ್ನೇ ತೊಟ್ಟು ಕೆಲಸಕ್ಕೆ ಇಳಿದೆ — ಹಳೆಯದು ಒದ್ದೆಯಿತ್ತು.

ಒಂದು ಟ್ಯೂಬು ಕೈ ಜಾರಿತು. ತೋಳಿನ ತುದಿ ಒದ್ದೆಯಾಯಿತು. ಅಷ್ಟೆ. ಅಷ್ಟೆ ಎಂದು ಆಗ ಅಂದುಕೊಂಡೆ.

ಮಾಡಬೇಕಾದದ್ದು ನನಗೆ ಬಾಯಿಪಾಠವಿತ್ತು. ಕೂಡಲೇ ಸರ್‌ಗೆ ಹೇಳಬೇಕು, ಕೋಟನ್ನು ಚೀಲಕ್ಕೆ ಹಾಕಿ ಬೇಯಿಸಬೇಕು, ಅಪಘಾತದ ರಿಜಿಸ್ಟರಿನಲ್ಲಿ ಬರೆಯಬೇಕು. ಸೋಮವಾರ ಜೈವಿಕ ಸುರಕ್ಷತಾ ಸಮಿತಿಯ ತಪಾಸಣೆ ಇತ್ತು. ಆ ವರ್ಷ ರಿಜಿಸ್ಟರಿನಲ್ಲಿ ಒಂದು ಸಾಲೂ ಇರಲಿಲ್ಲ. ಮೊದಲ ಸಾಲು ನನ್ನ ಹೆಸರಿನದಾಗುವುದು ಬೇಡವೆನಿಸಿತು. ಅಪ್ಪನ ಕೋಟು ಹಳದಿಯಾಗುವುದೂ ಬೇಡವೆನಿಸಿತು — ಎರಡರಲ್ಲಿ ಯಾವುದು ಹೆಚ್ಚು ಎಂದು ಇವತ್ತಿಗೂ ನನಗೆ ತಿಳಿಯದು. ಸ್ಪಿರಿಟ್ ಹಾಕಿ ಒರೆಸಿದೆ. ಮಡಚಿ ಚೀಲಕ್ಕೆ ಹಾಕಿದೆ.

ಹನುಮಕ್ಕ ಬಸ್ಸಿಗೆ ಹೊರಟು ಬಂದವರು ಚೀಲವನ್ನು ತಿರುಗಿಸಿ ನೋಡಿದರು.

“ಪಟ್ಟಿ ಎಲ್ಲವ್ವಾ? ಇದು ಬೆಂದೈತಾ?”

“ಬೆಂದೈತ್ರಿ ಅಕ್ಕಾ. ಪಟ್ಟಿ ಕಿತ್ತು ಹೋತು. ಒಯ್ರಿ.”

ಅವರು ನನ್ನ ಮುಖವನ್ನೂ ನೋಡಲಿಲ್ಲ. ನೋಡಬೇಕೆಂದು ಅನಿಸಿರಲಿಕ್ಕಿಲ್ಲ, ಹೇಳಿದವಳು ನಾನಲ್ಲವೆ. ಸೋಪಿನ ನೀರಿನಲ್ಲೇ ವರ್ಷಗಳು ಕಳೆದು ಬೆರಳ ಸಂದು ಸಂದೂ ಬಿರುಕು ಬಿಟ್ಟಿದ್ದ ಕೈಗಳು ಅವರವು. ಆ ಕೈಗಳಿಂದ ಚೀಲ ತೆಗೆದುಕೊಂಡು ಹೋದರು.

ಸೋಮವಾರ ಸಮಿತಿಯವರು ಖಾಲಿ ರಿಜಿಸ್ಟರನ್ನು ನೋಡಿ ಮೆಚ್ಚಿದರು. ಒಬ್ಬರು ನನ್ನ ಕೋಟನ್ನು ತೋರಿಸಿ, ಶಿಸ್ತೆಂದರೆ ಹೀಗಿರಬೇಕು ಎಂದರು. ಬಾಗಿಲ ಬಳಿ ನಿಂತಿದ್ದ ಹನುಮಕ್ಕನ ಮುಖ ಅರಳಿತು.

ಮೂರು ವಾರ ಕಳೆದ ಮೇಲೆ ಅವರಿಗೆ ಜ್ವರ ಶುರುವಾಯಿತು. ಸಂಜೆ ಏರುವುದು, ಮೈಯೆಲ್ಲ ಬೆವರುವುದು, ಬೆಳಿಗ್ಗೆ ಇಳಿಯುವುದು. ಟೈಫಾಯ್ಡ್ ಎಂದು ಮಾತ್ರೆ ಕೊಟ್ಟರು. ಮತ್ತೆ ಟೈಫಾಯ್ಡ್ ಎಂದರು. ನನಗೆ ಮೊದಲು ಗೊತ್ತಾಗಲಿಲ್ಲ — ಇಲ್ಲ, ಇದು ಸುಳ್ಳು. ಮೊದಲ ವಾರವೇ ಗೊತ್ತಾಯಿತು. ಒಂದೂವರೆ ತಿಂಗಳು ಸುಮ್ಮನಿದ್ದೆ. ಹನುಮಕ್ಕ ಸೊಂಟ ಹಿಡಿದುಕೊಂಡು ಗೋಡೆಗೆ ಆತು ನಡೆಯುವಂತಾದರು. ಆಗಲೂ ನನ್ನನ್ನು ಕಂಡರೆ, “ಉಂಡ್ಯಾ ಮೇಡಮ್ಮಾ?” ಎನ್ನುತ್ತಿದ್ದರು.

ಕೊನೆಗೆ ಅವರ ಜೊತೆ ಆಸ್ಪತ್ರೆಗೆ ಹೋದೆ. ನಿಜ ಹೇಳಲೆಂದೇ ಹೋದವಳು ಕನ್ನಡ ಬಲ್ಲ ಡಾಕ್ಟರ ಎದುರು ಕೂತು ಹೇಳಿದ್ದು ಬೇರೆ:

“ಇವರ ಮನ್ಯಾಗ ಆಡುಗಳದಾವ್ರಿ ಸರ್. ಬ್ರುಸೆಲ್ಲಾ ಒಮ್ಮೆ ನೋಡ್ತೀರೇನ್ರಿ?”

ನೋಡಿದರು. ಅದೇ ಆಗಿತ್ತು. ಔಷಧ ಬದಲಾಯಿತು, ಜ್ವರ ಬಿಟ್ಟಿತು. ಡಾಕ್ಟರು ನನ್ನನ್ನು ಹೊಗಳಿದರು. ಹನುಮಕ್ಕನ ಮಗಳು ಎಲ್ಲರೆದುರು ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದೆ ಸರಿದೆ. ಅದನ್ನೂ ಅವರು ವಿನಯ ಎಂದುಕೊಂಡರು.

ಹನುಮಕ್ಕ ಮಾತ್ರ ಅಳುತ್ತಿದ್ದರು. “ಅದೇ ಹಾಲಲ್ವಾ ಮಗೀಗೂ ಕುಡಿಸಿದ್ದು? ನನ್ ಕೈಯಾರೆ ಕುಡಿಸಿದ್ನಲ್ಲವ್ವಾ!” ಮೊಮ್ಮಗಳಿಗೆ ಏನೂ ಆಗಿರಲಿಲ್ಲ. ಆಗಲು ಕಾರಣವೂ ಇರಲಿಲ್ಲ. ಅದನ್ನು ಬಲ್ಲವಳು ಪಕ್ಕದಲ್ಲೇ ನಿಂತಿದ್ದೆ.

ನಾನೇ ಅವರ ಹಳ್ಳಿಗೆ ಹೋಗಿ ನಾಲ್ಕೂ ಮೇಕೆಗಳ ರಕ್ತ ತಂದೆ. ಕೆಂಪಿ ನನ್ನ ಮಡಿಲಿಗೆ ತಲೆಯಿಟ್ಟು ಸುಮ್ಮನೆ ನಿಂತಿತ್ತು. ಅವುಗಳಲ್ಲಿ ರೋಗ ಸಿಗಲಿ ಎಂದು ನಾನು ಬೇಡಿಕೊಂಡೆ. ಸಿಗಲಿಲ್ಲ. ಎರಡು ಸಲ ಪರೀಕ್ಷೆ ಮಾಡಿದೆ. ಎರಡು ಸಲವೂ ನಾಲ್ಕರಲ್ಲೂ ಏನೂ ಇರಲಿಲ್ಲ. ಮೇಕೆಗಳನ್ನು ಮಾರಿಬಿಡಲು ಹನುಮಕ್ಕ ಗೊತ್ತು ಮಾಡಿದ್ದ ಸಂತೆಗೆ ಇನ್ನೂ ಎರಡು ದಿನವಿತ್ತು. ಒಂದು ಫೋನು ಸಾಕಿತ್ತು. “ನಿಮ್ಮ ಆಡು ಚೆನ್ನಾಗಿದಾವ್ರಿ” ಎಂದರೆ ಮುಂದಿನ ಪ್ರಶ್ನೆ, “ಮತ್ತೆ ನಂಗೆ ಎಲ್ಲಿಂದ ಬಂತು?” ಆ ಪ್ರಶ್ನೆಗೆ ಹೆದರಿದೆ. ಸಂತೆಯ ದಿನ ನಾಲ್ಕೂ ಹೋದವು.

ಸೊಂಟದ ನೋವು ಹನುಮಕ್ಕನಿಗೆ ಪೂರ್ತಿ ಹೋಗಲಿಲ್ಲ. ಮರುವರ್ಷ ಕೆಲಸ ಬಿಟ್ಟು ಊರು ಸೇರಿದರು. ನಾನು ಪದವಿ ಮುಗಿಸಿ ಅದೇ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಪ್ರಯೋಗಾಲಯದ ಸುರಕ್ಷತೆಯ ಹೊಣೆಯನ್ನು ನನಗೇ ವಹಿಸಿದರು. ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನ ಪಾಠ ಮಾಡುವವಳು ನಾನೇ: ಏನೇ ಚೆಲ್ಲಿದರೂ ಹೇಳಿ, ಹೇಳಿದವರನ್ನು ಇಲ್ಲಿ ಯಾರೂ ಬೈಯುವುದಿಲ್ಲ.

ಹೋದ ತಿಂಗಳು ಹನುಮಕ್ಕ ಫೋನು ಮಾಡಿದರು. ಮೊಮ್ಮಗಳು ಎರಡು ಮರಿ ಬೇಕೆಂದು ಹಟ ಹಿಡಿದಿದ್ದಾಳಂತೆ. “ನಂಗೇನೋ ಆಸೆ ಐತೆ ಮೇಡಮ್ಮಾ. ಭಯಾನೂ ಐತೆ. ನೀನು ಓದಿದೋಳು. ಕಟ್ಕೋ ಅಂದ್ರೆ ಕಟ್ಕೋತೀನಿ, ಬ್ಯಾಡ ಅಂದ್ರೆ ಇಲ್ಲ.”

“ಬಂದು ಹೇಳ್ತೀನ್ರಿ ಅಕ್ಕಾ” ಎಂದೆ.

ಮೊದಲು ವಿಭಾಗದ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದುಕೊಟ್ಟೆ. ವಿಚಾರಣೆ ಮುಗಿಯುವವರೆಗೆ ಸುರಕ್ಷತೆಯ ಹೊಣೆಯಿಂದ ನನ್ನನ್ನು ತೆಗೆದಿದ್ದಾರೆ. ಅದು ಸರಿ. ಮೊನ್ನೆ ಮಡಕಶಿರದ ಬಸ್ಸು ಹತ್ತಿದೆ. ಜಗಲಿಯ ಮೇಲೆ ಅವರ ಪಕ್ಕದಲ್ಲಿ ಕೂತು, ಕೋಟಿನಿಂದ ರಕ್ತಪರೀಕ್ಷೆಯವರೆಗೆ ಹೇಳಿದೆ. ಕ್ಷಮಿಸಿ ಎನ್ನಲಿಲ್ಲ. ಅದನ್ನು ಅವರಿಂದ ಕೇಳಿ ಪಡೆಯುವುದು ಇನ್ನೊಂದು ಕಳವು ಎನಿಸಿತು.

ಅವರು ಜ್ವರದ ಮಾತೆತ್ತಲಿಲ್ಲ, ಸೊಂಟದ ಮಾತೂ ಇಲ್ಲ.

“ಕೆಂಪೀದು ಏನೂ ತಪ್ಪಿರ್ಲಿಲ್ವಾ?”

“ಇಲ್ರಿ ಅಕ್ಕಾ.”

“ಸಂತೇಲಿ ಕಟುಕನ ಜೊತೆ ಹೋಗಾಕೆ ಒಲ್ಲೆ ಅಂತು ಕಣವ್ವಾ. ನಾನೇ ಮುಂದೆ ನಡ್ದೆ. ನನ್ ಹಿಂದೆ ಬಂತು.”

ಆಮೇಲೆ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು, ಎಂದಿನ ಮೆತ್ತಗಿನ ದನಿಯಲ್ಲೇ ಹೇಳಿದರು: “ಮರಿ ತರ್ತೀನಿ. ನೀನು ಈಗ ಹೋಗವ್ವಾ. ಬಸ್ಸಿನ ಹೊತ್ತಾಯ್ತು.”

ಬಸ್ಸಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ನಾನು ಎದ್ದು ಚಪ್ಪಲಿ ಮೆಟ್ಟಿದೆ.